ಗಾಜಿನ ಕೋಣೆಯೂ ಅತ್ತೆಯ ಸಂಡಿಗೆಯೂ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಯ ಎರಡನೇ ಮಹಡಿಯಲ್ಲಿ ಒಂದು ಗಾಜಿನ ಕೋಣೆ ಇದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಮೂರು ಕಡೆ ಗಾಜು, ತಲೆಯ ಮೇಲೂ ಗಾಜು. ಮನೆ ಕಟ್ಟಿಸುವಾಗ ನಮ್ಮನೆಯವರಿಗೂ ನನಗೂ ಇದ್ದದ್ದು ಒಂದೇ ಆಸೆ. ಬೆಳಗ್ಗೆ ಅಲ್ಲಿ ಕೂತು ಕಾಫಿ ಕುಡಿಯಬೇಕು, ಸುತ್ತ ಗಿಡಗಳಿರಬೇಕು, ಮಳೆ ಬಂದಾಗ ಹನಿ ಬೀಳುವುದನ್ನು ಕೆಳಗಿನಿಂದ ನೋಡಬೇಕು. ಗೃಹಪ್ರವೇಶ ಆದದ್ದು ಶ್ರಾವಣದಲ್ಲಿ. ಮಳೆಗಾಲ, ಚಳಿಗಾಲ ಎರಡೂ ಸೊಗಸಾಗಿ ಕಳೆದವು. ಮನೆಗೆ ಬಂದವರೆಲ್ಲ ಮೊದಲು ಅಲ್ಲಿಗೇ ಹೋಗಿ ಕೂರುತ್ತಿದ್ದರು.

ಶಿವರಾತ್ರಿ ಬಂತು. ಚಳಿ ಶಿವ ಶಿವಾ ಅಂತ ಓಡಿಹೋಯಿತು. ಆ ವಾರದಲ್ಲೇ ನಮ್ಮ ಕೋಣೆ ಒಲೆಯಾಯಿತು. ಕರೆಂಟ್ ಹೋದಾಗ ಬೇಕಾಗುತ್ತದೆ ಅಂತ ಅಲ್ಲಿನ ಕಪಾಟಿನ ಮೇಲೆ ಒಂದು ಮೇಣದ ಬತ್ತಿ ನಿಲ್ಲಿಸಿದ್ದೆ. ಒಂದು ಸಂಜೆ ನೋಡಿದರೆ ಅದು ನಡು ಬಗ್ಗಿಸಿಕೊಂಡು ಕಪಾಟಿನ ಅಂಚಿನಿಂದ ಕೆಳಗೆ ಇಣುಕುತ್ತಿತ್ತು. ಆಂಥೂರಿಯಂ ಎಲೆಗಳ ಅಂಚು ಸುಟ್ಟ ಕಾಗದದ ಥರ ಆಗಿತ್ತು. ಇಡೀ ಮನೆಯಲ್ಲಿ ಖುಷಿಪಟ್ಟವರು ನಮ್ಮ ಅತ್ತೆ ಒಬ್ಬರೇ. ಅವರು ಅಲ್ಲಿ ಅರಳು ಸಂಡಿಗೆ ಇಟ್ಟರು. ಕಾಗೆ ಕಾಟ ಇಲ್ಲ, ಧೂಳಿಲ್ಲ. ಮರುದಿನ ಮಧ್ಯಾಹ್ನಕ್ಕೆ ಸಂಡಿಗೆ ಗಲಗಲ ಅನ್ನುತ್ತಿತ್ತು. "ಸುರಿದ ದುಡ್ಡು ದಂಡ ಆಗಲಿಲ್ಲ ಬಿಡೇ" ಅಂದರು.

ಗಾಜು ಹಾಕಿದ ಕಂಟ್ರಾಕ್ಟರಿಗೆ ಫೋನ್ ಮಾಡಿದೆ. "ಒಂದು ಎಸಿ ಹಾಕ್ಸಿಬಿಡಿ ಮೇಡಂ" ಅಂದ. ಹಾಕಿಸಿದೆವು, ಒಂದು ಟನ್ನಿನದು. ಮಧ್ಯಾಹ್ನ ಪೂರ್ತಿ ಅದು ಏದುಸಿರು ಬಿಟ್ಟಿತೇ ಹೊರತು ಕೋಣೆ ತಣ್ಣಗಾಗಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಈ ಲೆಕ್ಕ ಮನೆ ಕಟ್ಟಿಸುವ ಮೊದಲೇ ಹಾಕಬೇಕಿತ್ತು, ಅಲ್ವಾ?

ಲೆಕ್ಕ ಸುಲಭ. ನಡುಹಗಲ ಬಿಸಿಲು ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1,000 ವ್ಯಾಟ್ ಶಾಖ ಸುರಿಯುತ್ತದೆ. ಅಂದರೆ ಒಂದು ಇಸ್ತ್ರಿ ಪೆಟ್ಟಿಗೆಯಷ್ಟು. ನಮ್ಮ ಗಾಜಿನ ಚಾವಣಿ 120 ಚದರ ಅಡಿ, ಹತ್ತಿರ ಹತ್ತಿರ 11 ಚದರ ಮೀಟರ್. ಸಾದಾ ಗಾಜು ಆ ಶಾಖದಲ್ಲಿ ನೂರಕ್ಕೆ 80ರಷ್ಟನ್ನು ಒಳಗೆ ಬಿಟ್ಟುಬಿಡುತ್ತದೆ. ಅಲ್ಲಿಗೆ ನಾವು ಕೋಣೆಯಲ್ಲಿ ಒಂಬತ್ತು ಇಸ್ತ್ರಿ ಪೆಟ್ಟಿಗೆ ಉರಿಸಿಟ್ಟು ನಡುವೆ ಕೂತು ಪೇಪರ್ ಓದಿದ ಹಾಗೆ. ಒಂದು ಟನ್ ಎಸಿ ಹೊರಗೆ ಹಾಕಬಲ್ಲದ್ದು 3.5 ಕಿಲೋವ್ಯಾಟ್ ಶಾಖ. ಮೂರೂವರೆ ಪೆಟ್ಟಿಗೆ. ಪಾಪ, ಅದರದ್ದೇನು ತಪ್ಪು?

ನನ್ನ ತವರಿನಲ್ಲಿ ಮಂಗಳೂರು ಹೆಂಚಿನ ಮನೆ. ಅಡುಗೆಮನೆಯ ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಅದರಿಂದ ಬಿದ್ದ ಬಿಸಿಲಿನ ತುಂಡು ನೆಲದ ಮೇಲೆ ಸರಿಯುವುದನ್ನು ನೋಡಿ ಅಮ್ಮ ಗಂಟೆ ಹೇಳುತ್ತಿದ್ದಳು. ಬೆಳಕಿಗೆ ಅಷ್ಟು ಸಾಕಾಗಿತ್ತು. ನಾವೋ, ಮಾಡನ್ನೇ ಗಾಜು ಮಾಡಿಕೊಂಡೆವು.

ಒಳಗೆ ಬಂದ ಶಾಖ ಯಾಕೆ ಹೊರಗೆ ಹೋಗುವುದಿಲ್ಲ? ಬಿಸಿಲು ಗಾಜು ದಾಟಿ ನೆಲವನ್ನು, ಕುರ್ಚಿಯನ್ನು ಕಾಯಿಸುತ್ತದೆ. ಅವು ಗಾಳಿಯನ್ನು ಕಾಯಿಸುತ್ತವೆ. ಕಾದ ವಸ್ತುಗಳು ಸೂಸುವ ಶಾಖದ ಕಿರಣವನ್ನು ಗಾಜು ಹೊರಗೆ ಬಿಡುವುದಿಲ್ಲ ಅಂತ ಪಾಠದಲ್ಲಿ ಹೇಳುತ್ತೇವೆ. ಅದು ನಿಜ, ಆದರೆ ಪೂರ್ತಿ ಕಥೆ ಅಲ್ಲ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಎರಡು ಡಬ್ಬ ಮಾಡಿ ಬಿಸಿಲಿಗಿಟ್ಟರು. ಒಂದಕ್ಕೆ ಗಾಜಿನ ಮುಚ್ಚಳ. ಇನ್ನೊಂದಕ್ಕೆ ಗಣಿ ಉಪ್ಪಿನ ಹಲಗೆಯ ಮುಚ್ಚಳ. ಉಪ್ಪಿನ ಹಲಗೆ ಶಾಖದ ಕಿರಣವನ್ನು ತಡೆಯುವುದಿಲ್ಲ. ಆದರೂ ಎರಡು ಡಬ್ಬವೂ ಹೆಚ್ಚುಕಡಿಮೆ ಒಂದೇ ಸಮ ಕಾದವು. ಅಂದರೆ ದೊಡ್ಡ ಕಾರಣ ಬೇರೆ. ಕಾದ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ, ಅಷ್ಟೇ.

ಇದು ಗೊತ್ತಾದ ಮೇಲೆ ಒಂದು ಭಾನುವಾರ ಲಾಲ್‌ಬಾಗಿಗೆ ಹೋದೆ. ಗಾಜಿನ ಮನೆಯನ್ನು ಚಿಕ್ಕಂದಿನಿಂದ ನೂರು ಸಲ ನೋಡಿದ್ದೇನೆ. ಫ್ಲವರ್ ಶೋ ನೂಕುನುಗ್ಗಲಲ್ಲಿ ಹೂ ನೋಡಿದೆನೇ ಹೊರತು ಮನೆ ನೋಡಿರಲಿಲ್ಲ. ಅದಕ್ಕೆ ಅಡಿಗಲ್ಲು ಹಾಕಿದ್ದು 1889ರಲ್ಲಿ, ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್. ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್, 1851ರ ದೊಡ್ಡ ವಸ್ತುಪ್ರದರ್ಶನಕ್ಕೆ ಅಂತ ಕಟ್ಟಿದ ಗಾಜಿನ ಕಟ್ಟಡ. ಆದರೆ ನಮ್ಮದನ್ನು ಸರಿಯಾಗಿ ನೋಡಿ. ಪಕ್ಕದಲ್ಲಿ ಗೋಡೆ ಮುಚ್ಚಿಲ್ಲ, ಗಾಳಿ ಈ ಕಡೆಯಿಂದ ಬಂದು ಆ ಕಡೆ ಹೋಗುತ್ತದೆ. ಮಾಡು ಎತ್ತರ, ಬಿಸಿ ಗಾಳಿ ನಮ್ಮ ತಲೆಯಿಂದ ಎಷ್ಟೋ ಮೇಲೆ ನಿಲ್ಲುತ್ತದೆ. ಹೆಸರಿಗೆ ಗಾಜಿನ ಮನೆ, ನಿಜಕ್ಕೆ ಗಾಜಿನ ಚಪ್ಪರ. ಲಂಡನ್ನಿನಲ್ಲೂ ಆ ಪ್ರದರ್ಶನದ ಹೊತ್ತಿಗೆ ಕ್ರಿಸ್ಟಲ್ ಪ್ಯಾಲೇಸಿನ ಚಾವಣಿಗೆ ಹೊರಗಡೆಯಿಂದ ಬಟ್ಟೆ ಹೊದಿಸಿದ್ದರು. ಗಾಳಿಯಾಡಲು ಪಟ್ಟಿಪಟ್ಟಿಯ ಕಿಂಡಿ ಇಟ್ಟಿದ್ದರು. ಆ ಚಳಿ ದೇಶದವರೇ ಹಾಗೆ ಮಾಡಿದ್ದಾರೆ ಅಂದಮೇಲೆ ನಾವು ಯಾವ ಧೈರ್ಯದ ಮೇಲೆ ಎಲ್ಲ ಸಂದಿಗೂ ಸಿಲಿಕೋನ್ ಅಂಟು ಬಳಿದು ಮುಚ್ಚಿದೆವೋ!

ಇನ್ನೊಂದು ವಿಷಯ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ಶೂನ್ಯ ನೆರಳಿನ ದಿನ ಬರುತ್ತದೆ. ಮಧ್ಯಾಹ್ನ ಹನ್ನೆರಡೂ ಕಾಲರ ಸುಮಾರಿಗೆ ಒಂದು ಚೊಂಬನ್ನು ಬಿಸಿಲಲ್ಲಿಟ್ಟರೆ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೂ ನಡುಹಗಲ ಸೂರ್ಯ ಕೊಂಚ ಉತ್ತರಕ್ಕೇ ಇರುತ್ತಾನೆ. ಇಂಗ್ಲೆಂಡಿನಲ್ಲಿ ಸೂರ್ಯ ಯಾವತ್ತೂ ನೆತ್ತಿಗೆ ಬರುವುದಿಲ್ಲ. ಅಲ್ಲಿನವರು ದಕ್ಷಿಣದ ಗಾಜಿಗೆ ಪರದೆ ಹಾಕಿ ಅನ್ನುತ್ತಾರೆ. ನಮ್ಮಲ್ಲಿ ಏಪ್ರಿಲ್ ಕೊನೆಯ ಮಧ್ಯಾಹ್ನ ದಕ್ಷಿಣದ ಗಾಜಿಗೆ ನೇರ ಬಿಸಿಲೇ ತಾಗುವುದಿಲ್ಲ. ಕಾಟವೆಲ್ಲ ಚಾವಣಿಯದು, ಸಂಜೆ ಪಶ್ಚಿಮದ್ದು. ಹಾಗಾಗಿ ಕೈಯಲ್ಲಿರುವ ದುಡ್ಡನ್ನು ಮೊದಲು ಚಾವಣಿಗೆ ಖರ್ಚು ಮಾಡಿ.

ನಾನು ಮೊದಲು ಮಾಡಿದ್ದು ತಪ್ಪು. ಚಾವಣಿಯ ಒಳಗಡೆ ದಪ್ಪ ಪರದೆ ಕಟ್ಟಿದೆ. ನೆರಳೇನೋ ಬಂತು. ಕುರ್ಚಿ ಹತ್ತಿ ಪರದೆಗೆ ಕೈಯಿಟ್ಟರೆ ಕಾದ ಕಾವಲಿ. ಶಾಖ ಆಗಲೇ ಗಾಜು ದಾಟಿ ಒಳಗೆ ಬಂದು ಪರದೆಯಲ್ಲಿ ಕೂತಿತ್ತು. ಬಿಸಿಲನ್ನು ಹೊಸ್ತಿಲ ಆಚೆಗೇ ನಿಲ್ಲಿಸಬೇಕು. ಒಳಗೆ ಕರೆದು ಕೂರಿಸಿಕೊಂಡು ಆಮೇಲೆ ಜಗಳಕ್ಕಿಳಿದರೆ ಎಸಿಯ ಗತಿಯೇ.

ಮರುವರ್ಷ ಗಾಜಿನ ಮೇಲೆ ಜಿಐ ಪೈಪಿನ ಚೌಕಟ್ಟು ಹಾಕಿಸಿ ನರ್ಸರಿಯವರು ಹಾಕುವ ಶೇಡ್ ನೆಟ್ ಕಟ್ಟಿಸಿದೆ. ಅದು 50 ಪರ್ಸೆಂಟ್, 75 ಪರ್ಸೆಂಟ್ ಅಂತ ಸಿಗುತ್ತದೆ, ಅಷ್ಟು ನೆರಳು ಅಂತ ಲೆಕ್ಕ. ನಾವು ಕೂರುವ ಕಡೆ 75, ಗಿಡಗಳಿರುವ ಮೂಲೆಗೆ 50. ಬಿಳಿಯದೋ ಬೆಳ್ಳಿ ಬಣ್ಣದ್ದೋ ಸಿಕ್ಕರೆ ಒಳ್ಳೆಯದು, ಬಿಸಿಲನ್ನು ವಾಪಸ್ ಕಳಿಸುತ್ತದೆ. ಹಸಿರು, ಕಪ್ಪು ನೆಟ್ ತಾನೇ ಕಾಯುತ್ತದೆ. ಯಾವುದೇ ಇರಲಿ, ಗಾಜಿಗೂ ನೆಟ್‌ಗೂ ನಡುವೆ ಒಂದು ಅಡಿ ಜಾಗ ಬಿಡಿ. ಆ ಸಂದಿನಲ್ಲಿ ಗಾಳಿ ಓಡಾಡಬೇಕು. ನಾನು ದುಡ್ಡು ಉಳಿಸೋಣ ಅಂತ ಪ್ಲಾಸ್ಟಿಕ್ ಹಗ್ಗದಲ್ಲಿ ಕಟ್ಟಿಸಿದ್ದೆ. ಏಪ್ರಿಲ್ ಕೊನೆಯ ಗಾಳಿಮಳೆಗೆ ನೆಟ್ ಹಾರಿ ಎದುರು ಮನೆಯವರ ನೀರಿನ ಟ್ಯಾಂಕಿಗೆ ಸೀರೆ ಉಡಿಸಿದ ಹಾಗೆ ಸುತ್ತಿಕೊಂಡಿತು. ಈಗ ಬೈಂಡಿಂಗ್ ವೈರ್ ಹಾಕಿದ್ದೇನೆ. ಆಲಿಕಲ್ಲು ಬಿದ್ದಾಗಲೂ ಮೊದಲ ಏಟು ನೆಟ್‌ಗೇ ಬೀಳುತ್ತದೆ, ಅದೊಂದು ಲಾಭ.

ಪಶ್ಚಿಮಕ್ಕೆ ಬಳ್ಳಿಯೇ ಸರಿ. ಗಾಜಿನಿಂದ ಅರ್ಧ ಅಡಿ ಆಚೆಗೆ ತಂತಿ ಎಳೆದು ಶಂಖಪುಷ್ಪ, ತೊಂಡೆ ಹಬ್ಬಿಸಿದ್ದೇನೆ. ತೊಂಡೆ ಕಡ್ಡಿಯನ್ನು ಸಂಕ್ರಾಂತಿಗಿಂತ ಮುಂಚೆಯೇ ನೆಟ್ಟುಬಿಡಿ. ಯುಗಾದಿಗೆ ಗೋಡೆಯೂ ಹಸಿರು, ಪಲ್ಯವೂ ಉಂಟು. ನಿವೇಶನದಲ್ಲಿ ಜಾಗ ಇದ್ದವರು ಒಂದು ಹೊಂಗೆ ಹಾಕಿ. ಹೊಂಗೆ ಬೇಸಿಗೆ ಬಲಿಯುವ ಹೊತ್ತಿಗೆ ಹೊಸ ಎಲೆ ತುಂಬಿಕೊಂಡಿರುತ್ತದೆ. ಆದರೆ ಮೂವತ್ತು ನಲವತ್ತರ ಸೈಟಿನಲ್ಲಿ ಮರಕ್ಕೆ ಜಾಗ ಎಲ್ಲಿಂದ ತರೋಣ?

ಇನ್ನು ಗಾಳಿ. ನಮ್ಮ ಕಿಟಕಿಗಳೆಲ್ಲ ಎದೆಮಟ್ಟದಲ್ಲಿದ್ದವು. ಬಿಸಿ ಗಾಳಿ ಮೇಲೇರಿ ಗಾಜಿಗೆ ತಲೆ ಬಡಿದುಕೊಂಡು ಅಲ್ಲೇ ನಿಲ್ಲುತ್ತಿತ್ತು. ತೊಟ್ಟಿಮನೆಯಲ್ಲಿ ಈ ತಾಪತ್ರಯವೇ ಇರಲಿಲ್ಲ, ತೊಟ್ಟಿ ಆಕಾಶಕ್ಕೆ ತೆರೆದಿತ್ತು. ಈಗ ಎಷ್ಟೋ ಮನೆಗಳಲ್ಲಿ ಅದೇ ತೊಟ್ಟಿಯಂಥ ಜಾಗ ಬಿಟ್ಟು, ಆಮೇಲೆ ಮೇಲೊಂದು ಪಾಲಿಕಾರ್ಬೊನೇಟ್ ಶೀಟ್ ಹಾಕಿ ಸಂದಿಲ್ಲದ ಹಾಗೆ ಮುಚ್ಚುತ್ತಾರೆ. ಹಸಿರುಮನೆ ಕಟ್ಟುವವರ ಲೆಕ್ಕದಲ್ಲಿ ಮೇಲಿನ ಕಿಂಡಿ ನೆಲದ ಅಳತೆಯ ಐದನೇ ಒಂದು ಭಾಗವಾದರೂ ಇರಬೇಕು. ನಮ್ಮ ಕೋಣೆಗೆ 24 ಚದರ ಅಡಿ. ಅಷ್ಟು ಆಗಲಿಲ್ಲ. ಚಾವಣಿಯ ಎತ್ತರದ ಅಂಚಿನಲ್ಲಿ ಎರಡು ಗಾಜು ತೆಗೆಸಿ ಲೂವರ್, ಅಂದರೆ ಪಟ್ಟಿಪಟ್ಟಿಯ ಕಿಂಡಿ ಹಾಕಿಸಿದೆ. ಮೇಲೆ ಮಳೆ ತಡೆಯಲು ಒಂದು ಸಣ್ಣ ಮಾಡು, ಸೊಳ್ಳೆಗೆ ಜಾಲರಿ. ಪಾರಿವಾಳಕ್ಕೆ ಇನ್ನೊಂದು ಜಾಲರಿ, ಅವು ಬೆಂಗಳೂರಿನಲ್ಲಿ ಎಲ್ಲಿ ತಾನೇ ಬಿಟ್ಟಿವೆ? ಕೆಳಗೆ ಉತ್ತರದ ಕಡೆ ನೆಲಮಟ್ಟದಲ್ಲಿ ಒಂದು ಉದ್ದನೆಯ ಕಿಂಡಿ. ಲೂವರ್ ತೆರೆದ ದಿನ ಊದುಬತ್ತಿ ಹಚ್ಚಿ ಕೆಳಗಿನ ಕಿಂಡಿಯ ಹತ್ತಿರ ಹಿಡಿದೆ. ಹೊಗೆ ಒಳಗೆ ಬಾಗಿ, ನಿಧಾನಕ್ಕೆ ಮೇಲೇರಿ, ಲೂವರಿನಿಂದ ನುಸುಳಿ ಹೋಯಿತು. ಒಂದು ಫ್ಯಾನೂ ತಿರುಗುತ್ತಿರಲಿಲ್ಲ.

ಫ್ಯಾನ್ ಅಂದೆ. ಗಾಜಿನ ಚಾವಣಿಯ ಕೆಳಗೆ ಸೀಲಿಂಗ್ ಫ್ಯಾನ್ ಬೇಡ. ಮೇಲೆ ನಿಂತ ಬಿಸಿ ಗಾಳಿಯನ್ನೆಲ್ಲ ತಂದು ನಿಮ್ಮ ತಲೆ ಮೇಲೆ ಸುರಿಯುತ್ತದೆ. ನಿಲ್ಲಿಸುವ ಫ್ಯಾನ್ ಸಾಕು. ಕಪ್ಪು ಫಿಲ್ಮ್ ಅಂಟಿಸಿ ಅನ್ನುವವರೂ ಇದ್ದಾರೆ. ಕಪ್ಪು ಫಿಲ್ಮ್ ಶಾಖ ಹೀರಿ ಗಾಜನ್ನೇ ಕಾಯಿಸುತ್ತದೆ, ಟಫನ್ ಮಾಡದ, ಅಂದರೆ ಕಾಯಿಸಿ ಗಟ್ಟಿ ಮಾಡಿರದ ಸಾದಾ ಗಾಜು ಒಮ್ಮೊಮ್ಮೆ ಸೀಳಿಬಿಡುತ್ತದೆ. ಹಾಕುವುದೇ ಆದರೆ ಶಾಖವನ್ನು ಹಿಂದಕ್ಕೆ ತಳ್ಳುವ ಜಾತಿಯ ಫಿಲ್ಮ್ ಕೇಳಿ, ಗಾಜು ಯಾವುದು ಅಂತ ತೋರಿಸಿ ಹಾಕಿಸಿ.

ನಮ್ಮ ಊರಿನ ದೊಡ್ಡ ಭಾಗ್ಯ ಬೆಳಗಿನ ಜಾವ. ಏಪ್ರಿಲ್‌ನಲ್ಲಿ ಮಧ್ಯಾಹ್ನ 34 ಡಿಗ್ರಿ ಇದ್ದರೂ ಬೆಳಗಿನ ಜಾವ 22ರ ಆಸುಪಾಸಿಗೆ ಇಳಿಯುತ್ತದೆ. ರಾತ್ರಿಯೆಲ್ಲ ಮೇಲಿನ, ಕೆಳಗಿನ ಕಿಂಡಿ ತೆರೆದಿಟ್ಟರೆ ನೆಲ, ಕುಂಡ, ಕಲ್ಲು ಬೆಂಚು ಎಲ್ಲ ತಣ್ಣಗಾಗಿರುತ್ತವೆ. ಎಂಟೂವರೆಗೆ ಕೆಳಗಿನದನ್ನು ಅರ್ಧ ಮುಚ್ಚುತ್ತೇನೆ. ಮೇಲಿನದನ್ನು ಮುಚ್ಚುವುದೇ ಇಲ್ಲ.

ನೀರಿನ ಉಪಾಯವೂ ಇದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಶಾಖ ಹೀರುತ್ತದೆ. ನಮ್ಮ ಅದೇ ಇಸ್ತ್ರಿ ಪೆಟ್ಟಿಗೆ ನಲವತ್ತು ನಿಮಿಷ ಉರಿದಷ್ಟು. ಕೆಳಗಿನ ಕಿಂಡಿಗೆ ಲಾವಂಚದ ಪರದೆ ಇಳಿಬಿಟ್ಟು ನೆನೆಸಿದರೆ ಮಾರ್ಚ್ ತಿಂಗಳ ಒಣ ಗಾಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಪರಿಮಳ ಬೇರೆ. ಮೋಡ ಕಟ್ಟಿ ಸೆಕೆ ಶುರುವಾದ ಮೇಲೆ ಅದನ್ನು ಎತ್ತಿಡಿ, ಸುಮ್ನೆ ಮೈ ಜಿಗುಟು. ಕಾದ ಗಾಜಿನ ಮೇಲೆ ಪೈಪ್ ಹಿಡಿದು ನೀರು ಎರಚುವುದಂತೂ ಬೇಡವೇ ಬೇಡ. ಬೋರ್‌ವೆಲ್ ನೀರಿನ ಬಿಳಿ ಕಲೆ ಉಜ್ಜಿದರೂ ಹೋಗುವುದಿಲ್ಲ. ಅದೂ ಅಲ್ಲದೆ 2024ರ ಮಾರ್ಚ್ ನೆನಪಿದೆಯಲ್ಲ? ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ ಬೇಸಿಗೆ ಅದು. ನಮ್ಮ ಲಾವಂಚದ ಪರದೆಗೆ ಆರ್‌ಓ ಮೆಷಿನ್ನಿನಿಂದ ಹೊರಗೆ ಹೋಗುವ ನೀರನ್ನೇ ಬಕೆಟ್ಟಿನಲ್ಲಿ ಹಿಡಿದು ಹಾಕುತ್ತೇನೆ.

ಇಷ್ಟೆಲ್ಲ ಆದಮೇಲೆ ಕೋಣೆ ಊಟಿ ಆಗಿದೆಯೇ? ಇಲ್ಲ. ಮಧ್ಯಾಹ್ನ ಎರಡಕ್ಕೆ ಹೊರಗಿಗಿಂತ ಒಂದೆರಡು ಡಿಗ್ರಿ ಜಾಸ್ತಿಯೇ ಇರುತ್ತದೆ. ಆ ಹೊತ್ತಿಗೆ ನಾವು ಕೆಳಗೆ ಬಂದುಬಿಡುತ್ತೇವೆ. ಐದಕ್ಕೆ ಮತ್ತೆ ಹತ್ತಿ ಹೋಗಿ ಕೂರಬಹುದು. ಎಸಿಯ ಪ್ಲಗ್ ತೆಗೆದು ಎರಡು ಬೇಸಿಗೆ ಆಯಿತು. ಆಂಥೂರಿಯಂ ಚಿಗುರಿದೆ.

ಅತ್ತೆಗೆ ಮಾತ್ರ ನನ್ನ ಮೇಲೆ ಸಿಟ್ಟು. ಹೋದ ತಿಂಗಳು ಅಲ್ಲಿ ಇಟ್ಟ ಸಂಡಿಗೆ ಮೂರು ದಿನವಾದರೂ ಒಳಗೆ ಮೆತ್ತಗೇ ಇತ್ತಂತೆ. ಈಗ ಮೊರ ಹಿಡಿದುಕೊಂಡು ಎದುರು ಮನೆಯ ತಾರಸಿಗೆ ಹೋಗುತ್ತಾರೆ, ಕಾಗೆ ಓಡಿಸಲು ಕೈಯಲ್ಲೊಂದು ಕೋಲು.

ನಮಸ್ಕಾರ.