ಯಾವ ಪ್ಯಾಕೇಜ್ ಉಳಿಯಬೇಕು, ಯಾವುದು ಹೋಗಬೇಕು

ಗೆಳೆಯರೇ, ಡೆಬಿಯನ್‌ನಂಥ ಲಿನಕ್ಸ್ ಡಿಸ್ಟ್ರಿಬ್ಯೂಷನ್‌ಗೆ ಪ್ಯಾಕೇಜ್ (ಒಂದೊಂದು ತಂತ್ರಾಂಶದ ಪೊಟ್ಟಣ) ಸೇರಿಸುವಾಗ ಎಲ್ಲರಿಗೂ ಹುರುಪು. ತೆಗೆಯುವ ಮಾತೆತ್ತಿದ ಕೂಡಲೇ ಕೇಳಿಬರುವುದು ಒಂದೇ: "ಎಷ್ಟು ಜನ ಬಳಸ್ತಾರೆ?" ಅದು ಎರಡನೇ ಪ್ರಶ್ನೆ. ಡೆಬಿಯನ್‌ನ ಸ್ಟೇಬಲ್, ಅಂದರೆ ಬಿಡುಗಡೆಯಾದ ಆವೃತ್ತಿಗೆ 3 ವರ್ಷ ಪೂರ್ಣ ಬೆಂಬಲ, ಆಮೇಲೆ 2 ವರ್ಷ ಎಲ್‌ಟಿಎಸ್, ಅಂದರೆ ದೀರ್ಘಾವಧಿ ಬೆಂಬಲ. ಇವತ್ತು ಒಳಗೆ ಬಿಟ್ಟದ್ದರಲ್ಲಿ ನಾಲ್ಕನೇ ವರ್ಷ ಭದ್ರತಾ ದೋಷ ಸಿಕ್ಕರೆ, ಹಳೆಯ ಕೋಡ್‌ಗೆ ಪ್ಯಾಚ್ ಹೊಂದಿಸುವವರು ಯಾರು? ಮೊದಲು ಕೇಳಬೇಕಾದ್ದು ಇದು.

ಬಳಕೆಯ ಅಂಕಿ ನೋಡಬೇಡಿ ಎನ್ನುತ್ತಿಲ್ಲ, ಓದಲು ಬರಬೇಕು ಅಷ್ಟೇ. ಡೆಬಿಯನ್‌ನ ಬಳಕೆ ಸಮೀಕ್ಷೆಯಾದ ಪಾಪ್‌ಕಾನ್ ಎಣಿಸುವುದು ತಾವಾಗಿ ಒಪ್ಪಿಕೊಂಡವರ ಯಂತ್ರಗಳನ್ನು ಮಾತ್ರ. ಅದರಲ್ಲಿ 'ಇನ್‌ಸ್ಟ್' ಎಂದರೆ ಇನ್‌ಸ್ಟಾಲ್ ಆಗಿರುವುದು, 'ವೋಟ್' ಎಂದರೆ ನಿಯಮಿತವಾಗಿ ಬಳಕೆಯಲ್ಲಿರುವುದು. ಲೈಬ್ರರಿಯ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್) ಇನ್‌ಸ್ಟ್ ದೊಡ್ಡದಿದ್ದರೆ, ಹೆಚ್ಚಿನ ಸಲ ಅದು ಬೇರೊಂದರ ಬಾಲ ಹಿಡಿದು ಬಂದದ್ದು.

ಆ ಬಾಲವನ್ನು ಪೂರ್ತಿ ಎಳೆದು ನೋಡುವಲ್ಲೇ ಹೆಚ್ಚಿನವರು ಎಡವುತ್ತಾರೆ. ಒಂದು ಪ್ಯಾಕೇಜನ್ನು ಯಾವುವು ನಂಬಿವೆ ಎಂದು ಹೇಳುವ ಆಪ್ಟ್-ಕ್ಯಾಶ್‌ನ ಆರ್‌ಡಿಪೆಂಡ್ಸ್ ಆಜ್ಞೆ ತೋರಿಸುವುದು ಬೈನರಿ, ಅಂದರೆ ಕಟ್ಟಿ ಸಿದ್ಧವಾದ ಪ್ಯಾಕೇಜ್‌ಗಳ ಅವಲಂಬನೆಗಳನ್ನಷ್ಟೇ. ಬಿಲ್ಡ್ ಮಾಡುವಾಗ (ಸೋರ್ಸ್ ಕೋಡ್‌ನಿಂದ ಕಟ್ಟುವಾಗ) ಮಾತ್ರ ಆ ಪ್ಯಾಕೇಜನ್ನು ಬೇಡುವವು ಅಲ್ಲಿ ಕಾಣಿಸುವುದಿಲ್ಲ; ಆ ಪ್ಯಾಕೇಜ್ ತೆಗೆದರೆ ಮೊದಲ ದಿನ ಎಲ್ಲ ಸರಿ, ಮುಂದಿನ ರೀಬಿಲ್ಡ್‌ನಲ್ಲಿ ಗೋಳು. ಅವುಗಳನ್ನು ಕಾಣಲು ಡೆವ್‌ಸ್ಕ್ರಿಪ್ಟ್ಸ್ ಪ್ಯಾಕೇಜ್‌ನ ಬಿಲ್ಡ್-ಆರ್‌ಡೆಪ್ಸ್ ಓಡಿಸಿ. ಅದಕ್ಕೆ ಆಪ್ಟ್‌ನ ಸೋರ್ಸ್ ಪಟ್ಟಿಯಲ್ಲಿ (ಪ್ಯಾಕೇಜ್ ತರುವ ಜಾಗಗಳ ಪಟ್ಟಿ) ಡೆಬ್-ಎಸ್‌ಆರ್‌ಸಿ ಸಾಲು ಇರಬೇಕು, ಆಪ್ಟ್ ಅಪ್‌ಡೇಟ್ ಆಗಿರಬೇಕು.

ಪೈಥಾನ್ ಭಾಷೆಯ ಹಳೆಯ ಆವೃತ್ತಿ ಪೈಥಾನ್ 2 ಇದಕ್ಕೆ ಒಳ್ಳೆಯ ಉದಾಹರಣೆ. 2020ರ ಜನವರಿ 1ಕ್ಕೆ ಅದರ ಬೆಂಬಲ ಮುಗಿಯಿತು. ಆದರೂ 2021ರ ಡೆಬಿಯನ್ ಆವೃತ್ತಿ ಬುಲ್ಸ್‌ಐನಲ್ಲಿ 2.7 ಉಳಿಯಿತು: ಕೆಲವು ಪ್ಯಾಕೇಜ್‌ಗಳ ಬಿಲ್ಡ್‌ಗೆ ಅದು ಬೇಕೇ ಬೇಕಿತ್ತು. ಭದ್ರತಾ ಅಪ್‌ಡೇಟ್ ಇರುವುದಿಲ್ಲ, ಅಪ್ಲಿಕೇಶನ್ ಓಡಿಸಲು ಇದನ್ನು ನಂಬಬೇಡಿ ಎಂದು ಬಿಡುಗಡೆ ಟಿಪ್ಪಣಿಯಲ್ಲೇ ಬರೆದಿದ್ದರು. 2023ರ ಬುಕ್‌ವರ್ಮ್‌ನಲ್ಲಿ ಅದೂ ಹೋಯಿತು. ಹೀಗೆ ಬಾಯಿಬಿಟ್ಟು ಹೇಳಿ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ.

ಅರ್ಧ ಕೆಲಸ ಯಂತ್ರವೇ ಮಾಡುತ್ತದೆ. ಬಿಡುಗಡೆ ತಡೆಯುವ ಮಟ್ಟದ ಬಗ್ ಸರಿಯಾಗದೆ ಉಳಿದರೆ ಪ್ಯಾಕೇಜ್ ಟೆಸ್ಟಿಂಗ್‌ನಿಂದ (ಮುಂದಿನ ಸ್ಟೇಬಲ್ ಆಗಲಿರುವ ಆವೃತ್ತಿ) ತಾನಾಗಿ ಹೊರಬೀಳುತ್ತದೆ, ಅದನ್ನು ನಂಬಿದವುಗಳನ್ನೂ ಎಳೆದುಕೊಂಡು. ಬಗ್‌ಗೆ ಯಾರಾದರೂ ಒಂದು ಸಾಲು ಉತ್ತರ ಬರೆದರೆ ಗಡುವು ಮುಂದೆ ಹೋಗುತ್ತದೆ. ಪ್ಯಾಚ್ ಇಲ್ಲದೆ ಬರೀ "ನೋಡ್ತಿದ್ದೇನೆ" ಎಂಬ ಉತ್ತರಗಳೇ ಸಾಲಾಗಿ ಕಂಡರೆ ಮೇಂಟೇನರ್‌ಗೆ (ಪ್ಯಾಕೇಜ್ ನೋಡಿಕೊಳ್ಳುವವರಿಗೆ) ಪುರುಸೊತ್ತಿಲ್ಲ ಎಂದೇ ತಿಳಿಯಿರಿ. ಕೈಬಿಡುವವರು ಡಬ್ಲ್ಯುಎನ್‌ಪಿಪಿಯಲ್ಲಿ (ಆಸರೆ ಬೇಕಾದ ಪ್ಯಾಕೇಜ್‌ಗಳ ಡೆಬಿಯನ್ ಪಟ್ಟಿ) ಅನಾಥವೆಂದು ಘೋಷಿಸಲಿ, ಬೇಕಾದವರು ಎತ್ತಿಕೊಳ್ಳಲಿ. ಫೆಡೋರಾ ಎಂಬ ಇನ್ನೊಂದು ಡಿಸ್ಟ್ರಿಬ್ಯೂಷನ್‌ನಲ್ಲಿ ಅನಾಥವಾದದ್ದಕ್ಕೆ 6 ವಾರ ಅವಕಾಶ. ಯಾರೂ ಬರದಿದ್ದರೆ ನಿವೃತ್ತಿ.

ಇನ್ನು ತೆಗೆದ ಮೇಲಿನ ಮಾತು. ಆರ್ಕೈವ್‌ನಿಂದ (ಡಿಸ್ಟ್ರಿಬ್ಯೂಷನ್‌ನ ಪ್ಯಾಕೇಜ್ ಭಂಡಾರ) ಅಳಿಸಿದರೂ ಬಳಕೆದಾರರ ಡಿಸ್ಕ್‌ನಿಂದ ಅದು ಹೋಗುವುದಿಲ್ಲ. ಅಪ್‌ಡೇಟ್ ಬರುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ, ಹಳೆಯ ತೂತಿನೊಡನೆ ಸುಮ್ಮನೆ ಕೂತಿರುತ್ತದೆ. ಬದಲಿ ಪ್ಯಾಕೇಜ್ ನಿಜವಾಗಿಯೂ ಅದೇ ಕೆಲಸ ಮಾಡಿ, ಹಳೆಯ ಕಾನ್ಫಿಗರೇಷನ್ ಓದುವುದಾದರೆ ಮಾತ್ರ ಟ್ರಾನ್ಸಿಷನಲ್ ಪ್ಯಾಕೇಜ್ (ಹಳೆಯ ಹೆಸರಿನಲ್ಲೇ ಹೊಸದನ್ನು ಎಳೆತರುವ ಖಾಲಿ ಪ್ಯಾಕೇಜ್) ಕೊಡಿ. ಇಲ್ಲದಿದ್ದರೆ ಬಿಡುಗಡೆ ಟಿಪ್ಪಣಿಯಲ್ಲಿ ಅದರ ಹೆಸರು ಹಾಕಿ, ಅಪ್‌ಗ್ರೇಡ್ ಆದ ಮೇಲೆ ಆಪ್ಟ್ ಲಿಸ್ಟ್‌ಗೆ 'ಅಬ್ಸೊಲೀಟ್' (ಆರ್ಕೈವ್‌ನಲ್ಲಿ ಈಗ ಇಲ್ಲದ್ದು) ಪ್ಯಾಟರ್ನ್ ಕೊಟ್ಟು ಉಳಿಕೆಗಳನ್ನು ಹುಡುಕುವುದು ಹೇಗೆಂದು ಅಲ್ಲೇ ಬರೆಯಿರಿ.