ಲೆಡ್ ಝೆಪೆಲಿನ್ ‘ಮದರ್‌ಶಿಪ್’: ದುಡ್ಡು ಕೊಟ್ಟು ಕೊಳ್ಳಬೇಕಾ?

[ಮೇಜಿನ ಮೇಲೆ ಎರಡು ಸಿಡಿ ಸೆಟ್. ಎರಡರ ಕವರ್ ಒಂದೇ.]

ನಮಸ್ಕಾರ. ಇವೆರಡನ್ನೂ ನೋಡಿ. ಹೆಸರು ಒಂದೇ, ಮುಖಚಿತ್ರ ಒಂದೇ, ಹಾಡಿನ ಪಟ್ಟಿಯೂ ಒಂದೇ. ಒಳಗಿನ ಸದ್ದು ಮಾತ್ರ ಬೇರೆ. ಒಂದು 2007ರದ್ದು, ಇನ್ನೊಂದು 2015ರದ್ದು. ‘ಮದರ್‌ಶಿಪ್ ತಗೋಬಹುದಾ?’ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಇಷ್ಟೇ: ಯಾವ ಮದರ್‌ಶಿಪ್?

ಅಲ್ಲಿಗೆ ಬರೋಣ. ಮೊದಲು ಸ್ವಲ್ಪ ಹಿನ್ನೆಲೆ.

[ಬ್ಯಾಂಡಿನ ನಾಲ್ವರ ಹಳೆಯ ಫೋಟೋ]

ಜಿಮ್ಮಿ ಪೇಜ್ ಗಿಟಾರ್, ರಾಬರ್ಟ್ ಪ್ಲಾಂಟ್ ಹಾಡುಗಾರ, ಜಾನ್ ಪಾಲ್ ಜೋನ್ಸ್ ಬೇಸ್ ಮತ್ತು ಕೀಬೋರ್ಡ್, ಜಾನ್ ಬಾನಮ್ ಡ್ರಮ್ಸ್. ಇದೇ ಲೆಡ್ ಝೆಪೆಲಿನ್, 1968ರಲ್ಲಿ ಲಂಡನ್ನಿನಲ್ಲಿ ಶುರುವಾದ ರಾಕ್ ಬ್ಯಾಂಡ್. 1980ರಲ್ಲಿ ಬಾನಮ್ ತೀರಿಕೊಂಡರು, ಉಳಿದ ಮೂವರು ಬ್ಯಾಂಡನ್ನೇ ನಿಲ್ಲಿಸಿಬಿಟ್ಟರು. ಆ ಮೂವರೇ ಕೂತು ತಮ್ಮ ಹಳೆಯ ಆಲ್ಬಮ್‌ಗಳಿಂದ ಆರಿಸಿದ 24 ಹಾಡು, ಎರಡು ಸಿಡಿ, ಅದೇ ಮದರ್‌ಶಿಪ್, 2007ರ ನವೆಂಬರ್‌ನಲ್ಲಿ ಬಂತು. ಅದೇ ತಿಂಗಳು ಇವರ ಹಾಡುಗಳು ಮೊದಲ ಸಲ ಡೌನ್‌ಲೋಡ್‌ಗೂ ಸಿಕ್ಕವು. ಮುಂದಿನ ತಿಂಗಳು, ಡಿಸೆಂಬರ್ 10ಕ್ಕೆ, ಲಂಡನ್ನಿನ ಓ2 ಅರೀನಾದಲ್ಲಿ ಬಾನಮ್ ಮಗ ಜೇಸನ್‌ರನ್ನು ಡ್ರಮ್ಸ್‌ಗೆ ಕೂರಿಸಿಕೊಂಡು ಮತ್ತೆ ಒಂದಾಗಿ ನುಡಿಸಿದರು. ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆ ಮುಹೂರ್ತ ಎಲ್ಲಿ ಸಿಗುತ್ತದೆ ಹೇಳಿ.

ಕವರ್ ಬರೆದವರು ಶೆಪರ್ಡ್ ಫೇರಿ. ಮರುವರ್ಷ ಒಬಾಮ ಅವರ ಕೆಂಪು-ನೀಲಿ ಪೋಸ್ಟರ್ ಮಾಡಿದ್ದೂ ಇವರೇ. ಚೆನ್ನಾಗಿದೆ, ಆದರೆ ಕವರ್ ನೋಡಿ ಯಾರೂ ಹಾಡು ಕೇಳುವುದಿಲ್ಲ. ಮುಂದೆ ಹೋಗೋಣ.

[ಟೇಪ್ ಸುರುಳಿ ತಿರುಗುವ ದೃಶ್ಯ]

‘ರೀಮಾಸ್ಟರ್ಡ್’ ಅಂತ ದೊಡ್ಡದಾಗಿ ಬರೆದಿರುತ್ತಾರಲ್ವಾ, ಏನದು? ಹಾಡು ರೆಕಾರ್ಡ್ ಆಗುವಾಗ ಡ್ರಮ್ಸ್, ಗಿಟಾರ್, ದನಿ ಎಲ್ಲವೂ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಇರುತ್ತವೆ. ಅವನ್ನೆಲ್ಲ ಹದವಾಗಿ ಬೆರೆಸಿ ಎರಡು ಚಾನೆಲ್‌ಗೆ ಇಳಿಸುವುದು ಮಿಕ್ಸ್. ಆ ಮಿಕ್ಸ್ ಟೇಪನ್ನು ಸಿಡಿಗೋ ರೆಕಾರ್ಡ್‌ಗೋ ಒಗ್ಗುವಂತೆ ಸಿದ್ಧ ಮಾಡುವ ಕೊನೆಯ ಹಂತ ಮಾಸ್ಟರಿಂಗ್. ರೀಮಾಸ್ಟರ್ ಅಂದರೆ ಆ ಕೊನೆಯ ಹಂತವನ್ನಷ್ಟೇ ಮತ್ತೊಮ್ಮೆ ಮಾಡುವುದು. ಕುದ್ದ ಸಾರಿನಿಂದ ಹುಣಸೆಹಣ್ಣನ್ನು ವಾಪಸ್ ತೆಗೆಯಲು ಆಗುವುದಿಲ್ಲ ನೋಡಿ, ಹಾಗೆ. ಗಿಟಾರ್ ಒಂದನ್ನೇ ಮುಂದೆ ತರಬೇಕು ಅಂದರೆ ರೀಮಿಕ್ಸ್ ಮಾಡಬೇಕು. ಇಲ್ಲಿ ಆಗಿರುವುದು ಅದಲ್ಲ.

ಮತ್ತೆ ಏನು ಲಾಭ? ಲಾಭ ಇದೆ. ಎಂಬತ್ತರ ದಶಕದ ಇವರ ಮೊದಲ ಸಿಡಿಗಳ ಬಗ್ಗೆ ಪೇಜ್‌ಗೆ ಸಮಾಧಾನ ಇರಲಿಲ್ಲ. ಹಾಗಾಗಿ 1990ರಲ್ಲಿ ಜಾರ್ಜ್ ಮರೀನೋ ಎಂಬ ಎಂಜಿನಿಯರ್ ಜೊತೆ ಕೂತು ಹೊಸದಾಗಿ ಮಾಡಿಸಿದರು. ಆಮೇಲೆ 2007ರಲ್ಲಿ ಈ ಮದರ್‌ಶಿಪ್‌ಗಾಗಿ ಜಾನ್ ಡೇವಿಸ್. ಮತ್ತೆ 2014-15ರಲ್ಲಿ ಒಂದೊಂದೇ ಆಲ್ಬಮ್ ರೀಮಾಸ್ಟರ್ ಆದಾಗ ಆ ಕೆಲಸಕ್ಕೂ ಅದೇ ಡೇವಿಸ್. 2015ರ ಮದರ್‌ಶಿಪ್‌ನಲ್ಲಿ ಇರುವುದು ಈ ಕೊನೆಯ ಸುತ್ತಿನ ಕೆಲಸ.

[ಎರಡು ಅಲೆಯ ಚಿತ್ರ: ಮೇಲಿನದು ಇಟ್ಟಿಗೆಯಂತೆ ತುಂಬಿದೆ, ಕೆಳಗಿನದರಲ್ಲಿ ಏರಿಳಿತ ಕಾಣುತ್ತದೆ]

ಒಬ್ಬರೇ ಎಂಜಿನಿಯರ್, ಆದರೂ ಎರಡು ಥರ ಸದ್ದು. ಕಾರಣ ಕಾಲ. 2007 ಅಂದರೆ ಎಲ್ಲ ಸಿಡಿಗಳೂ ‘ನಾನೇ ಜೋರು’ ಅಂತ ಕಿರುಚಾಡುತ್ತಿದ್ದ ಸಮಯ. ಸಿಡಿಯಲ್ಲಿ ಸದ್ದಿಗೆ ಒಂದು ಮೇಲ್ಮಿತಿ ಇದೆ, ಅದನ್ನು ದಾಟಲು ಆಗುವುದಿಲ್ಲ. ಹಾಗಾಗಿ ಏನು ಮಾಡುತ್ತಾರೆ? ಎತ್ತರದ ಸದ್ದನ್ನು ಅದುಮಿ, ಮೆಲುದನಿಯನ್ನು ಮೇಲಕ್ಕೆತ್ತಿ, ಎಲ್ಲವನ್ನೂ ಸೂರಿಗೆ ತಾಗಿಸುತ್ತಾರೆ. ಅಂಗಡಿಯಲ್ಲಿ ಎರಡು ನಿಮಿಷ ಕೇಳಿದರೆ ‘ಅಬ್ಬಾ’ ಅನಿಸುತ್ತದೆ. ಅರ್ಧ ಗಂಟೆ ಆದ ಮೇಲೆ ತಲೆ ಹಿಡಿಯುತ್ತದೆ.

ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಗವತರು ಮದ್ದಳೆಯ ಜೊತೆ ಮೆಲ್ಲಗೆ ಪದ ಹೇಳುತ್ತಿರುತ್ತಾರೆ, ಇದ್ದಕ್ಕಿದ್ದಂತೆ ಚೆಂಡೆ ಬೀಳುತ್ತದೆ, ಮೈ ಜುಂ ಅನ್ನುತ್ತದೆ. ಮೈಕಿನವನು ಎರಡನ್ನೂ ಒಂದೇ ಮಟ್ಟಕ್ಕೆ ಇಟ್ಟರೆ ಆ ಜುಂ ಎಲ್ಲಿಂದ ಬರಬೇಕು?

‘ಸ್ಟೇರ್‌ವೇ ಟು ಹೆವನ್’ ಕಟ್ಟಿರುವುದೇ ಹೀಗೆ. ಎಂಟು ನಿಮಿಷದ ಹಾಡು. ಅಕೌಸ್ಟಿಕ್ ಗಿಟಾರ್, ಜೋನ್ಸ್ ಊದಿದ ರೆಕಾರ್ಡರ್ ಎಂಬ ಮರದ ಕೊಳಲು, ಅಷ್ಟರಿಂದ ಶುರು. ಡ್ರಮ್ಸ್ ಬರುವುದೇ ನಾಲ್ಕು ನಿಮಿಷ ಕಳೆದ ಮೇಲೆ. 2007ರ ಸಿಡಿಯಲ್ಲಿ ಆ ಹೊತ್ತಿಗಾಗಲೇ ಗಿಟಾರ್ ಸಾಕಷ್ಟು ಜೋರಾಗಿದೆ. ಬಾನಮ್ ಬಂದಾಗ ಸುಮ್ನೆ ಬಂದ ಹಾಗಿದೆ, ಅಪ್ಪಳಿಸುವುದಿಲ್ಲ. 2015ರದ್ದರಲ್ಲಿ ನನ್ನ ಕಿವಿಗೆ ಆ ಜಾಗ ಉಳಿದಿದೆ.

ಇನ್ನೊಂದು ಪರೀಕ್ಷೆ ‘ವೆನ್ ದ ಲೆವಿ ಬ್ರೇಕ್ಸ್’. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿರುವ ಹೆಡ್ಲಿ ಗ್ರೇಂಜ್ ಎಂಬ ಹಳೇ ಕಟ್ಟಡದಲ್ಲಿ ಮೆಟ್ಟಿಲ ಬುಡದಲ್ಲಿ ಡ್ರಮ್ಸ್ ಇಟ್ಟು, ಮೇಲಿನಿಂದ ಎರಡು ಮೈಕ್ ಇಳಿಬಿಟ್ಟು ಹಿಡಿದ ಸದ್ದು ಅದು. ಅಲ್ಲಿ ಕೇಳಬೇಕಾದ್ದು ಬರೀ ಪೆಟ್ಟಲ್ಲ, ಪೆಟ್ಟಿನ ನಂತರ ಗೋಡೆಯಿಂದ ವಾಪಸ್ ಬರುವ ಗಾಳಿ. ಒಳ್ಳೆಯ ಮಾಸ್ಟರ್‌ನಲ್ಲಿ ಆ ಕಟ್ಟಡವೇ ಕಿವಿಯೊಳಗೆ ನಿಲ್ಲುತ್ತದೆ.

ಸದ್ದು ಸ್ವಚ್ಛವಾದರೆ ಹುಳುಕೂ ಕಾಣುತ್ತದೆ, ಅದೊಂದು ತಮಾಷೆ. ‘ಸಿನ್ಸ್ ಐ ಹ್ಯಾವ್ ಬೀನ್ ಲವಿಂಗ್ ಯೂ’ ಕೇಳಿ. ಹೆಡ್‌ಫೋನ್ ಹಾಕಿ. ಕೀಚ್ ಕೀಚ್ ಅಂತ ಏನೋ ಕೇಳುತ್ತದೆ. ನಿಮ್ಮ ಹೆಡ್‌ಫೋನ್ ಕೆಟ್ಟಿಲ್ಲ. ಬಾನಮ್ ಕಾಲಿನ ಕೆಳಗಿದ್ದ ಪೆಡಲ್ಲಿಗೆ ಎಣ್ಣೆ ಬಿಟ್ಟಿರಲಿಲ್ಲ, ಅಷ್ಟೇ.

[ಹಾಡಿನ ಪಟ್ಟಿ ಪರದೆಯ ಮೇಲೆ]

ಈಗ ಹಾಡುಗಳ ಆಯ್ಕೆ. ಇಲ್ಲಿ ನನಗೆ ತಕರಾರು ಇದೆ.

ಇದು ‘ಹಿಟ್ಸ್’ ನಂಬಿದ ಬ್ಯಾಂಡೇ ಅಲ್ಲ. ಸ್ಟೇರ್‌ವೇ ಅಷ್ಟು ದೊಡ್ಡ ಹಾಡು, ಆದರೂ ಆ ಕಾಲದಲ್ಲಿ ಅಮೆರಿಕದಲ್ಲಾಗಲಿ ಬ್ರಿಟನ್ನಿನಲ್ಲಾಗಲಿ ಅಂಗಡಿಗೆ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ರೆಕಾರ್ಡ್ ಆಗಿ, ಬರಲೇ ಇಲ್ಲ. ಹಾಡು ಬೇಕಾ, ಆಲ್ಬಮ್ ತಗೊಳ್ಳಿ. ಅಂಥವರ ಹಾಡುಗಳನ್ನು ಬಿಡಿ ಬಿಡಿಯಾಗಿ ಕಿತ್ತು ಜೋಡಿಸಿದರೆ ಏನಾಗುತ್ತದೆ ಅಂತ ನಾಲ್ಕನೇ ಆಲ್ಬಮ್ಮಿನಲ್ಲೇ ನೋಡಿ. 1971ರದ್ದು. ಎಂಟರಲ್ಲಿ ನಾಲ್ಕು ಹಾಡು ಇಲ್ಲಿವೆ. ಮೂಲದಲ್ಲಿ ‘ಬ್ಲ್ಯಾಕ್ ಡಾಗ್’ ಮೊದಲು, ಅದರ ಹಿಂದೆಯೇ ‘ರಾಕ್ ಅಂಡ್ ರೋಲ್’. ಇಲ್ಲಿ ಅದು ತಿರುವುಮುರುವು. ಆಲ್ಬಮ್ಮನ್ನು ಮುಗಿಸಬೇಕಾದ್ದು ಲೆವಿ, ಇಲ್ಲಿ ಅದನ್ನು ಹಿಂದಕ್ಕೆ ತಳ್ಳಿ ಸ್ಟೇರ್‌ವೇಯನ್ನು ಸಿಡಿಯ ಕೊನೆಗೆ ಕೂರಿಸಿದ್ದಾರೆ.

ಅದಕ್ಕಿಂತ ದೊಡ್ಡ ಕೊರತೆ, ಇವರ ಮೆದು ಮುಖ ಕಾಣುವುದು ಕಡಿಮೆ. ಮೂರನೇ ಆಲ್ಬಮ್ಮಿನ ಎರಡನೇ ಬದಿ ಪೂರ್ತಿ ಹಳ್ಳಿ ಹಾಡಿನ ಧಾಟಿಯಲ್ಲಿದೆ, ಅದರಿಂದ ಒಂದೂ ಇಲ್ಲ. ‘ಗೋಯಿಂಗ್ ಟು ಕ್ಯಾಲಿಫೋರ್ನಿಯಾ’ ಇಲ್ಲ. ‘ದ ರೇನ್ ಸಾಂಗ್’ ಇಲ್ಲ. ಇದನ್ನೇ ಕೇಳಿ ಬೆಳೆದವರಿಗೆ ಝೆಪೆಲಿನ್ ಅಂದರೆ ಬರೀ ಗುಡುಗು.

ನಮ್ಮ ಕಡೆಯವರು ಮೊದಲು ಹುಡುಕುವ ‘ಕಾಶ್ಮೀರ್’ ಇದೆ, ಎರಡನೇ ಸಿಡಿಯಲ್ಲಿ. ಹೆಸರು ನೋಡಿ ಮೋಸ ಹೋಗಬೇಡಿ. ಪ್ಲಾಂಟ್‌ಗೆ ಆ ಸಾಲುಗಳು ಹೊಳೆದದ್ದು ಮೊರಾಕೊದ ಮರುಭೂಮಿಯ ದಾರಿಯಲ್ಲಿ. ಆದರೆ ಪೇಜ್ ಮತ್ತು ಪ್ಲಾಂಟ್ 1972ರಲ್ಲಿ ಬಾಂಬೆಗೆ ಬಂದು ಅಲ್ಲಿನ ಕಲಾವಿದರ ಜೊತೆ ಎರಡು ಹಾಡು ರೆಕಾರ್ಡ್ ಮಾಡಿದ್ದು ನಿಜ. ಅವು ಹೊರಬಂದಿದ್ದು 2015ರಲ್ಲಿ, ‘ಕೋಡಾ’ ಆಲ್ಬಮ್ಮಿನ ಹೆಚ್ಚುವರಿ ಡಿಸ್ಕ್‌ನಲ್ಲಿ. ಅವೂ ಇಲ್ಲಿಲ್ಲ.

[ಮತ್ತೆ ಮೇಜು]

ಹಾಗಾದರೆ ಕೊಳ್ಳಬೇಕಾ? ನಿಮ್ಮ ಮನೆಯಲ್ಲಿ ಈಗಾಗಲೇ ಆಲ್ಬಮ್‌ಗಳು ಇದ್ದರೆ ಬೇಡ. ಹೊಸ ಹಾಡು ಒಂದೂ ಇಲ್ಲ, ಹಳೆಯದನ್ನೇ ಎರಡನೇ ಸಲ ಕೊಂಡ ಹಾಗಾಗುತ್ತದೆ. ಆ ದುಡ್ಡಿಗೆ ನಾಲ್ಕನೇ ಆಲ್ಬಮ್ಮಿನ 2014ರ ರೀಮಾಸ್ಟರ್ ತಗೊಳ್ಳಿ. ಇವರನ್ನು ಕೇಳಿಯೇ ಇಲ್ಲ ಅನ್ನುವವರಿಗೆ ಮಾತ್ರ ನಾನು ಹೂಂ ಅನ್ನುತ್ತೇನೆ. ಆಲ್ಬಮ್‌ಗಳು ಬಂದ ಕ್ರಮದಲ್ಲೇ ಹಾಡುಗಳಿವೆ, ಹತ್ತು ವರ್ಷದಲ್ಲಿ ಬ್ಯಾಂಡ್ ಹೇಗೆ ಬದಲಾಯಿತು ಅನ್ನುವುದು ಎರಡೂಕಾಲು ಗಂಟೆಯಲ್ಲಿ ತಿಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಹಿಂಬದಿಯ ಸಣ್ಣ ಅಕ್ಷರದಲ್ಲಿ ಇಸವಿ ನೋಡಿ. 2015 ಇದ್ದರೆ ಒಳ್ಳೆಯದು.

‘ಮೊಬೈಲ್‌ನಲ್ಲೇ ಸಿಗುತ್ತಲ್ಲ’ ಅನ್ನುವಿರಿ. ಸಿಗುತ್ತದೆ. ಮೊದಲು ಅಲ್ಲೇ ಕೇಳಿ ನೋಡಿ. ಅಲ್ಲಿ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಸ್ಪಾಟಿಫೈನಂಥ ಆಪ್‌ಗಳು ಎಲ್ಲ ಹಾಡನ್ನೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತಂದು ಕೇಳಿಸುತ್ತವೆ. ಅದುಮಿ ಜೋರು ಮಾಡಿದ ಹಾಡಿಗೆ ಅಲ್ಲಿ ಜೋರೂ ಇಲ್ಲ, ಏರಿಳಿತವೂ ಇಲ್ಲ.

ಹಾಗಂತ ನನ್ನ 2007ರ ಸಿಡಿಯನ್ನು ನಾನು ಎಸೆದಿಲ್ಲ. ಅದು ಕಾರಿನಲ್ಲಿದೆ. ತುಮಕೂರು ರಸ್ತೆಯಲ್ಲಿ ಲಾರಿಗಳ ನಡುವೆ ‘ನೋ ಕ್ವಾರ್ಟರ್’ ಹಾಕಿದರೆ, 2015ರದ್ದರಲ್ಲಿ ಜೋನ್ಸ್ ಕೀಬೋರ್ಡ್‌ನ ಮೆಲುದನಿ ಎಂಜಿನ್ ಸದ್ದಿನಲ್ಲಿ ಮುಳುಗಿಹೋಗುತ್ತದೆ. 2007ರದ್ದರಲ್ಲಿ ಒಂದೊಂದು ಸ್ವರವೂ ಕೇಳುತ್ತದೆ.

[ಕಾರಿನ ಸ್ಟೀರಿಯೋಗೆ ಸಿಡಿ ಹೋಗುವ ದೃಶ್ಯ. ಕತ್ತಲು.]