ಕೆಟ್ಟ ಸುದ್ದಿ ಎಷ್ಟು ಹೊತ್ತಿಗೆ ತಲುಪುತ್ತದೆ?

ಎಲ್ಲರಿಗೂ ನಮಸ್ಕಾರ.

ಸಂಘಟಕರು ನನಗೆ ಕೊಟ್ಟಿರುವ ವಿಷಯ ‘ಪರಿಣಾಮಕಾರಿ ವ್ಯವಸ್ಥಾಪಕರ ಕೌಶಲಗಳು ಮತ್ತು ವ್ಯಕ್ತಿಗುಣಗಳ ವಿಕಾಸ’. ಆಹ್ವಾನ ಪತ್ರಿಕೆಯಲ್ಲಿ ಇದನ್ನು ಓದಿದಾಗ, ಅಶೋಕ ಟಾಕೀಸಿನ ಬಳಿ ರೈಲ್ವೆ ಗೇಟು ಬಿದ್ದು, ಸ್ಕೂಟರಿನ ಮೇಲೆ ಕುಳಿತು ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಿದ್ದ ದಿನಗಳು ನೆನಪಾದವು. ಅಷ್ಟುದ್ದದ ಹೆಸರು. ನನ್ನ ಬಳಿ ಇರುವ ಸರಕು ಒಂದೆರಡು ಡಬ್ಬಿಯಷ್ಟು ಮಾತ್ರ. ಅದನ್ನು ಇಳಿಸಿ ಹೋಗುತ್ತೇನೆ.

ನಾನು ಆಡಳಿತ ಶಾಸ್ತ್ರ ಓದಿದವನಲ್ಲ. ಬಿ.ಎಸ್‌ಸಿ. ಮುಗಿಸಿ ನೂಲಿನ ಗಿರಣಿಯೊಂದರಲ್ಲಿ ಸೇರಿದವನು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದ ಬಾಲ ಹಿಡಿದು ಬಂದೆ. ಗಿರಣಿಗಳು ಬಾಗಿಲು ಹಾಕಿದ ಮೇಲೆ ಅಕ್ಕಿ ಗಿರಣಿಗೆ ಹೋದೆ, ಅಲ್ಲಿಂದ ಮೆಕ್ಕೆಜೋಳದ ಗೋದಾಮಿಗೆ. ಪುಸ್ತಕಗಳನ್ನು ಓದಿದ್ದು ಆಮೇಲೆ. ತಪ್ಪು ಮಾಡಿದ ಮೇಲೆ ಓದಿದರೆ ಪುಸ್ತಕ ಬೇಗ ಅರ್ಥವಾಗುತ್ತದೆ.

ಒಬ್ಬ ಮ್ಯಾನೇಜರ್ ಹೇಗೆ ಎಂದು ತಿಳಿಯಲು ಈಗ ನಾನು ಒಂದೇ ಅಳತೆ ಬಳಸುತ್ತೇನೆ. ಅವರ ಕೈಕೆಳಗೆ ಏನಾದರೂ ಎಡವಟ್ಟಾದರೆ ಆ ಸುದ್ದಿ ಎಷ್ಟು ಹೊತ್ತಿಗೆ ಅವರ ಕಿವಿಗೆ ಬೀಳುತ್ತದೆ? ಹತ್ತು ನಿಮಿಷಕ್ಕೋ, ಮರುದಿನಕ್ಕೋ, ಗಿರಾಕಿ ಫೋನು ಮಾಡಿ ಬೈದ ಮೇಲೋ? ಈ ಅಳತೆಯಲ್ಲಿ ನಾನು ಸೋತದ್ದು ಹೇಗೆಂದು ಮೊದಲು ಹೇಳುತ್ತೇನೆ.

ನೂಲಿಗೆ ಕೌಂಟ್ ಎಂಬ ಲೆಕ್ಕವಿದೆ. 840 ಗಜದ ಒಂದು ಲಡಿ. ಅಂಥ 40 ಲಡಿ ಸೇರಿ ಒಂದು ಪೌಂಡು ತೂಗಿದರೆ ಅದು 40 ಕೌಂಟಿನ ನೂಲು. ಅಂಕೆ ಏರಿದಷ್ಟೂ ನೂಲು ಸಣ್ಣ. 36 ಮತ್ತು 40 ಕೌಂಟನ್ನು ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ಭೇದ ಕಾಣುವುದು ಕಷ್ಟ. ಅದಕ್ಕಾಗಿ ನಮ್ಮಲ್ಲಿ ಬಾಬಿನ್‌ಗಳಿಗೇ ಬಣ್ಣ ಹಚ್ಚಿದ್ದರು: 40ಕ್ಕೆ ಹಸಿರು, 36ಕ್ಕೆ ಹಳದಿ. ಒಂದು ದಿನ ಎರಡನೇ ಪಾಳಿಯಲ್ಲಿ ಹಸಿರು ಬಾಬಿನ್‌ಗಳ ನಡುವೆ ಒಂದು ಡಬ್ಬ ಹಳದಿ ಬಾಬಿನ್ ಸೇರಿಕೊಂಡು ಕೋನ್ ಸುತ್ತುವ ಯಂತ್ರಕ್ಕೆ ಹೋಯಿತು. ಅಲ್ಲಿದ್ದ ಹೆಣ್ಣುಮಗಳು ಅದನ್ನು ಕಂಡಳು. ಒಂದು ಕ್ಷಣ ಕೈ ತಡೆದಳು. ಸುತ್ತ ನೋಡಿದಳು. ಮತ್ತೆ ಸುತ್ತತೊಡಗಿದಳು.

ಮೂರು ವಾರ ಕಳೆದು ಮಗ್ಗದ ಮಾಲೀಕರು ಬಟ್ಟೆಯ ತುಂಡೊಂದನ್ನು ಕಳಿಸಿದರು. ನೇಯ್ದಾಗ ಬಿಳಿ ಬಟ್ಟೆ ಸರಿಯಾಗಿಯೇ ಇತ್ತಂತೆ. ಬಣ್ಣಕ್ಕೆ ಅದ್ದಿದ ಮೇಲೆ ನೋಡಿದರೆ ಗೇಣಿಗೊಂದು ಅಡ್ಡಪಟ್ಟೆ. ಇಡೀ ಲೋಡು ವಾಪಸು. ನಾನು ವಿಚಾರಣೆಗೆ ಕುಳಿತೆ. ಆ ಹೆಣ್ಣುಮಗಳು ಏನನ್ನೂ ಮುಚ್ಚಿಡಲಿಲ್ಲ. “ನೋಡಿದ್ದೆ ಸಾರ್. ಹಿಂದಿನ ವಾರ ಬೆಲ್ಟು ಹರಿದಿದೆ ಎಂದು ಹೇಳಲು ಬಂದವನಿಗೆ ನೀವು ಎಲ್ಲರೆದುರು ‘ನೀನೇ ಹರಿದಿರಬೇಕು’ ಎಂದಿರಿ. ನಾನು ಹೇಳಿದ್ದರೆ ನಾನೇ ಬೆರೆಸಿದೆ ಎನ್ನುತ್ತಿದ್ದಿರಿ” ಎಂದಳು.

ಆ ನಷ್ಟಕ್ಕೆ ಕಾರಣ ‘ಕಾರ್ಮಿಕರ ಅಜಾಗರೂಕತೆ’ ಎಂದು ವರದಿಯಲ್ಲಿದೆ. ಬರೆದವನು ನಾನೇ.

ಬೈಯುವುದು ತಪ್ಪು ಎಂದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದರೆ ಗುಣ ಬದಲಾಗುತ್ತದೆಯೇ? ತಾಳ್ಮೆ, ಸಮಚಿತ್ತ ಎಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದ ಕಚೇರಿಗಳನ್ನು ನಾನು ಕಂಡಿದ್ದೇನೆ. ಆ ಪಟ್ಟಿಯ ಕೆಳಗೇ ಕುಳಿತು ಫೈಲು ಎಸೆಯುವವರನ್ನೂ ಕಂಡಿದ್ದೇನೆ. ನಾನು ಮಾಡಿಕೊಂಡದ್ದು ಎರಡು ಯಾಂತ್ರಿಕವಾದ ರೂಢಿ. ಯಾರಾದರೂ ಕೆಟ್ಟ ಸುದ್ದಿ ತಂದರೆ ನನ್ನ ಬಾಯಿಂದ ಬರಬೇಕಾದ ಮೊದಲ ವಾಕ್ಯವನ್ನು ನಿಶ್ಚಯ ಮಾಡಿಟ್ಟುಕೊಂಡೆ: “ಹೇಳಿದ್ದು ಒಳ್ಳೆಯದಾಯಿತು, ನಡೆಯಿರಿ ನೋಡೋಣ.” ಎರಡನೆಯದು, ಕುರ್ಚಿಯಲ್ಲಿ ಕುಳಿತು ಏನನ್ನೂ ಕೇಳದೆ ಎದ್ದು ಆ ಜಾಗಕ್ಕೆ ನಡೆಯುವುದು. ನನ್ನ ಕೋಣೆಯಿಂದ ಯಂತ್ರಗಳ ಬಳಿಗೆ ಎರಡು ನಿಮಿಷದ ದಾರಿ. ಕೋಪ ಆ ಎರಡು ನಿಮಿಷದಲ್ಲಿ ಅರ್ಧಕ್ಕೆ ಇಳಿಯುತ್ತಿತ್ತು. ಕೋಪವನ್ನು ಗೆದ್ದೆ ಎಂದು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ವಿಚಾರಿಸಿದರೆ ನಿಮಗೆ ಬೇರೆಯೇ ಉತ್ತರ ಸಿಗುತ್ತದೆ.

ಮೊದಮೊದಲು ಆ ವಾಕ್ಯ ಶಾಲೆಯ ನಾಟಕದಲ್ಲಿ ಮಂತ್ರಿಯ ಪಾತ್ರದ ಹುಡುಗ ಮಾತು ಒಪ್ಪಿಸಿದಂತೆ ಇರುತ್ತಿತ್ತು. ಜನ ನಂಬಲಿಲ್ಲ. ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಒಂದು ಸಂಜೆ ಪ್ಯಾಕಿಂಗ್ ವಿಭಾಗದ ಹುಡುಗನೊಬ್ಬ ತಾನಾಗಿಯೇ ಬಂದು, “ಸಾರ್, ಹನ್ನೆರಡು ಚೀಲಕ್ಕೆ ತಪ್ಪು ಚೀಟಿ ಹಚ್ಚಿದ್ದೇನೆ, ಲಾರಿ ಇನ್ನೂ ಗೇಟಿನಲ್ಲಿದೆ” ಎಂದ. ಹನ್ನೆರಡು ಚೀಟಿ ಬದಲಿಸಲು ಎಷ್ಟು ಹೊತ್ತು? ಲಾರಿ ಹರಿಹರ ದಾಟಿದ್ದರೆ ಎಷ್ಟು ಹೊತ್ತು?

ಹಾಗೆಂದು ಎಲ್ಲವನ್ನೂ ಕ್ಷಮಿಸುವ ಮಠಾಧಿಪತಿಯಾಗಬೇಕು ಎಂದು ತಿಳಿಯಬೇಡಿ. ಬಂದು ಹೇಳಿದ ತಪ್ಪಿಗೂ ಮುಚ್ಚಿಟ್ಟ ತಪ್ಪಿಗೂ ನಾನು ಬೇರೆ ಬೇರೆ ತಕ್ಕಡಿ ಇಟ್ಟುಕೊಂಡಿದ್ದೆ. ಮುಚ್ಚಿಟ್ಟವನಿಗೆ ನೋಟಿಸು ಕೊಟ್ಟಿದ್ದೇನೆ, ಒಬ್ಬನನ್ನು ಮನೆಗೂ ಕಳಿಸಿದ್ದೇನೆ.

ಇನ್ನು ಕೌಶಲಗಳ ಮಾತು. 1955ರಲ್ಲಿ ರಾಬರ್ಟ್ ಕ್ಯಾಟ್ಜ್ ಎಂಬುವರು ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಒಳ್ಳೆಯ ಆಡಳಿತಗಾರ ಹುಟ್ಟಿನಿಂದಲೇ ಎಂಥವನು ಎಂದು ಹುಡುಕುವುದನ್ನು ಬಿಡಿ, ಅವನು ಏನು ಮಾಡಬಲ್ಲ ಎಂದು ನೋಡಿ ಎಂಬುದು ಅವರ ವಾದ. ಮೂರು ಕೌಶಲ ಹೇಳಿದರು: ಕೆಲಸದ ಕೌಶಲ, ಜನರೊಂದಿಗಿನ ಕೌಶಲ, ಇಡೀ ವ್ಯವಹಾರವನ್ನು ಒಟ್ಟಾಗಿ ಕಾಣುವ ಕೌಶಲ. ಮೇಲೆ ಹೋದಂತೆ ಮೊದಲನೆಯದರ ಅಗತ್ಯ ಕಡಿಮೆಯಾಗುತ್ತದೆ, ಮೂರನೆಯದರ ಅಗತ್ಯ ಹೆಚ್ಚುತ್ತದೆ, ನಡುವಿನದು ಎಲ್ಲ ಮಟ್ಟದಲ್ಲೂ ಬೇಕು.

ನಮ್ಮೂರಿನಲ್ಲಿ ಇದನ್ನು ಬೆಣ್ಣೆ ದೋಸೆಯ ಹೋಟೆಲಿನಲ್ಲಿ ನೋಡಬಹುದು. ಕಾವಲಿಯ ಮುಂದೆ ನಿಂತವರನ್ನು ಗಮನಿಸಿ. ಕಾವಲಿಗೆ ನೀರು ಚಿಮುಕಿಸಿ, ಚುರ್ ಎಂಬ ಸದ್ದಿನಲ್ಲೇ ಕಾವು ತಿಳಿಯುತ್ತಾರೆ. ಕಟ್ಟಿಗೆಯನ್ನು ಒಂದು ಗೇಣು ಹೊರಗೆ ಎಳೆಯುತ್ತಾರೆ. ಹಿಟ್ಟು ಹುಯ್ದು, ತೂತು ಬಿದ್ದ ಮೇಲೆ ಬೆಣ್ಣೆ ಹಾಕುತ್ತಾರೆ. ಇದು ಮೊದಲ ಕೌಶಲ. ಭಾನುವಾರ ಬೆಳಿಗ್ಗೆ ನಲವತ್ತು ಜನ ನಿಂತಿರುವಾಗ ಎಲೆ ಎತ್ತುವ ಹುಡುಗ ಮುನಿಸಿಕೊಂಡು ಹೊರಟರೆ, ಅವನು ಸಂಜೆಗೆ ವಾಪಸು ಬರುವಂತೆ ಮಾತನಾಡುವುದು ಎರಡನೆಯದು. ಪರೀಕ್ಷೆ ಮುಗಿದು ಹಾಸ್ಟೆಲಿನ ಹುಡುಗರು ಊರಿಗೆ ಹೋದ ವಾರ ಎಷ್ಟು ಹಿಟ್ಟು ರುಬ್ಬಬೇಕು, ಬೆಣ್ಣೆಯ ದರ ಏರಿದಾಗ ದೋಸೆಯ ದರ ಏರಿಸಬೇಕೋ ಚಟ್ನಿಯ ಬಟ್ಟಲು ಸಣ್ಣದು ಮಾಡಬೇಕೋ? ಇದು ಮೂರನೆಯದು. (ಚಟ್ನಿಗೆ ಕೈ ಹಾಕಿದವರು ಉಳಿದದ್ದನ್ನು ನಾನು ಕಂಡಿಲ್ಲ.)

ನಾವು ಏನು ಮಾಡುತ್ತೇವೆ? ಎಲ್ಲರಿಗಿಂತ ಚೆನ್ನಾಗಿ ದೋಸೆ ಹುಯ್ಯುವವನನ್ನು ಗಲ್ಲಾದ ಮೇಲೆ ಕೂರಿಸಿ ಮ್ಯಾನೇಜರ್ ಎನ್ನುತ್ತೇವೆ. ಅವನಿಗೆ ಅಲ್ಲಿ ಇರಿಸುಮುರಿಸು. ಸ್ವಲ್ಪ ಗದ್ದಲವಾದರೆ ಸಾಕು, ಎದ್ದು ಬಂದು ಹೊಸ ಹುಡುಗನ ಕೈಯಿಂದ ಮಗುಚುವ ಕೈ ಕಸಿದುಕೊಂಡು ತಾನೇ ಹುಯ್ಯತೊಡಗುತ್ತಾನೆ. ಕೈಗೆ ಪಳಗಿದ ಕೆಲಸ ಮನಸ್ಸಿಗೆ ಹಾಯೆನಿಸುತ್ತದೆ, ಗಿರಾಕಿಗಳೂ ಹೊಗಳುತ್ತಾರೆ. ಆದರೆ ಆ ಹುಡುಗ ಮರುದಿನದಿಂದ ಹಿಟ್ಟು ಹುಳಿ ಬಂದಿದ್ದರೂ ಹೇಳುವುದಿಲ್ಲ. ಹೇಗೂ ಯಜಮಾನರು ಬಂದು ನೋಡುತ್ತಾರಲ್ಲ! ಸೂಪರ್‌ವೈಸರ್ ಆಗಿ ಬಡ್ತಿ ಪಡೆದ ಎಷ್ಟೋ ಜನ ನಿವೃತ್ತಿಯವರೆಗೂ ಹೀಗೆ ಮಗುಚುವ ಕೈ ಹಿಡಿದೇ ಇರುತ್ತಾರೆ. ಬೈಗುಳ ಸುದ್ದಿಯನ್ನು ತಡೆಯುವಷ್ಟೇ ಬಲವಾಗಿ ಇದೂ ತಡೆಯುತ್ತದೆ. ಬೈದವರ ಮೇಲಾದರೂ ಜನರಿಗೆ ಸಿಟ್ಟು ಬರುತ್ತದೆ, ಇವರ ಮೇಲೆ ಅದೂ ಇಲ್ಲ.

1974ರಲ್ಲಿ ಅದೇ ಲೇಖನ ಮತ್ತೆ ಅಚ್ಚಾದಾಗ ಕ್ಯಾಟ್ಜ್ ತಮ್ಮ ಮಾತನ್ನು ಸ್ವಲ್ಪ ತಿದ್ದಿಕೊಂಡರು. ಮೂರನೆಯ ಕೌಶಲವನ್ನು ದೊಡ್ಡವರಾದ ಮೇಲೆ ಕಲಿಸುವುದು ಕಷ್ಟ, ಆ ಬಗೆಯ ಯೋಚನೆ ಎಳೆಯ ವಯಸ್ಸಿನಲ್ಲೇ ಬರಬೇಕು ಎಂಬರ್ಥದಲ್ಲಿ ಬರೆದರು. ದೊಡ್ಡವರ ಮಾತು. ಆದರೂ ನಾನು ಒಪ್ಪುವುದಿಲ್ಲ. ಗೋದಾಮಿನಲ್ಲಿ ಕಂಡದ್ದನ್ನು ಹೇಳುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳ ಎಷ್ಟು ಬೆಳೆಯುತ್ತಾರೆ ಎಂದು ನಿಮಗೆ ಹೇಳಬೇಕಾಗಿಲ್ಲ. ಕೊಯ್ಲಿನ ಕಾಲದಲ್ಲಿ ಸಾಲುಗಟ್ಟಿ ಲಾರಿಗಳು. ತೇವಾಂಶ ಶೇ 14ರೊಳಗೆ ಇರಬೇಕು. ಹೆಚ್ಚಾದರೆ ಚೀಲದ ಒಳಗೇ ಕಾಳು ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ, ಕೋಳಿ ಆಹಾರದ ಕಂಪನಿಯವರು ವಾಪಸು ಕಳಿಸುತ್ತಾರೆ. ಹೊಸದಾಗಿ ಬಂದ ಇಪ್ಪತ್ತಾರರ ಹುಡುಗನೊಬ್ಬ ನನ್ನ ಕೈಕೆಳಗಿದ್ದ. ಮೀಟರಿನಲ್ಲಿ ಹದಿಮೂರೂವರೆ ಎಂದು ಬಂದ ಜಗಳೂರು ಕಡೆಯ ಲಾರಿಯೊಂದರ ಚೀಲಗಳು ಹದಿನೈದು ದಿನದಲ್ಲಿ ಕೆಟ್ಟವು. ಅವನು ಮೀಟರನ್ನು ಬೈಯದೆ ಹಮಾಲಿಗಳ ಜೊತೆ ಚಹಾ ಕುಡಿಯಲು ಕುಳಿತ. ವಯಸ್ಸಾದ ಹಮಾಲಿಯೊಬ್ಬರು ತೋಳು ಮಡಚಿ, ಚೀಲದ ಬಾಯಿ ಬಿಚ್ಚಿ, ಮೊಣಕೈವರೆಗೆ ಒಳಗೆ ತೂರಿಸಿ ತೋರಿಸಿದರಂತೆ: “ಮೇಲೆ ತಣ್ಣಗೆ, ನಡುವೆ ಬೆಚ್ಚಗೆ. ಹೊತ್ತಾಗ ಬೆನ್ನಿಗೇ ಗೊತ್ತಾಗುತ್ತದೆ.”

ಮತ್ತೇಕೆ ಹೇಳಲಿಲ್ಲ? ಹುಡುಗ ಇದನ್ನೂ ಕೇಳಿದ. ಅದಕ್ಕೆ ಸಿಕ್ಕ ಉತ್ತರದಲ್ಲಿ ನನ್ನ ಬೈಗುಳದ ಪಾಲು ಇರಲಿಲ್ಲ, ಪುಣ್ಯ. ಹಮಾಲಿಗೆ ಕೂಲಿ ಚೀಲಕ್ಕೆ ಇಷ್ಟು ಎಂದು. ಬೆಚ್ಚಗಿನ ಚೀಲವನ್ನು ಪಕ್ಕಕ್ಕಿಟ್ಟು, ಹರವಿ ಒಣಗಿಸಿ, ಮತ್ತೆ ತುಂಬಿ ಹೊರುವುದಕ್ಕೆ ಕೂಲಿಯೇ ಇಲ್ಲ. ಸತ್ಯ ಹೇಳಿದವರ ಹೊಟ್ಟೆಯ ಮೇಲೆ ನಾವೇ ಹೊಡೆಯುತ್ತಿದ್ದೆವು. ಹುಡುಗ ಲೆಕ್ಕ ಹಾಕಿದ: ಪಕ್ಕಕ್ಕಿಟ್ಟ ಚೀಲಕ್ಕೆ ಎರಡು ಪಟ್ಟು ಕೂಲಿ ಕೊಟ್ಟರೂ, ವಾಪಸು ಬರುವ ಒಂದು ಲಾರಿಯ ಬಾಡಿಗೆಗಿಂತ ಅದು ಎಷ್ಟೋ ಕಡಿಮೆ. ಮಾಲೀಕರನ್ನು ಒಪ್ಪಿಸಲು ಎರಡು ದಿನ ಹಿಡಿಯಿತು. ಆಮೇಲೆ ಬೆಚ್ಚಗಿನ ಚೀಲಗಳು ಲಾರಿಯಿಂದ ಇಳಿಯುವಾಗಲೇ ಸಿಗತೊಡಗಿದವು. ಹಮಾಲಿಯ ಬೆನ್ನು, ಕೂಲಿಯ ಪದ್ಧತಿ, ಕೋಳಿ ಆಹಾರದ ಕಂಪನಿ, ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದನಲ್ಲ, ಕ್ಯಾಟ್ಜ್ ಹೇಳಿದ ಮೂರನೆಯ ಕೌಶಲ ಅದೇ. ಅವನು ಅದನ್ನು ತೊಟ್ಟಿಲಲ್ಲಿ ಕಲಿತಿರಲಿಲ್ಲ. ಚಹಾ ಕುಡಿಯುತ್ತ ಎರಡನೆಯ ಪ್ರಶ್ನೆ ಕೇಳಿ ಕಲಿತ. ನಾವು ಬಹುತೇಕರು ಮೊದಲ ಪ್ರಶ್ನೆಗೆ ಉತ್ತರ ಸಿಕ್ಕ ಕೂಡಲೇ ಎದ್ದುಬಿಡುತ್ತೇವೆ.

‘ಇದಕ್ಕೆಲ್ಲ ಸಮಯ ಎಲ್ಲಿದೆ ಸಾರ್’ ಎಂದು ನೀವು ಕೇಳುತ್ತೀರಿ. ಹೆನ್ರಿ ಮಿಂಟ್ಜ್‌ಬರ್ಗ್ ಎಂಬ ಕೆನಡಾದ ವಿದ್ವಾಂಸರು ಐದು ಸಂಸ್ಥೆಗಳ ಮುಖ್ಯಸ್ಥರನ್ನು ಒಂದೊಂದು ವಾರ ಬೆನ್ನುಹತ್ತಿ ನೋಡಿ 1973ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಆ ಮುಖ್ಯಸ್ಥರ ಅರ್ಧದಷ್ಟು ಕೆಲಸಗಳು ಒಂಬತ್ತು ನಿಮಿಷಕ್ಕಿಂತ ಕಡಿಮೆ ಅವಧಿಯವು. ಒಂದು ಗಂಟೆ ಮೀರಿದವು ಹತ್ತರಲ್ಲಿ ಒಂದು. ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಒಂದು ಬೆಳಿಗ್ಗೆ ಕುಳಿತವರಿಗೆ ಇದು ಆಶ್ಚರ್ಯವಲ್ಲ. ಹಾಗಾಗಿ ‘ದಿನಕ್ಕೆ ಎರಡು ಗಂಟೆ ಬಾಗಿಲು ಹಾಕಿಕೊಂಡು ಯೋಚಿಸಿ’ ಎಂಬ ಉಪದೇಶ ನಾನು ಮಾಡುವುದಿಲ್ಲ. ಆಡಳಿತದ ಬಗ್ಗೆ ಪುಸ್ತಕಗಳನ್ನು ಬರೆದ ಪೀಟರ್ ಡ್ರಕ್ಕರ್ 1967ರಲ್ಲಿ ಹೇಳಿದ ಒಂದು ಮಾತನ್ನು ಮಾತ್ರ ಮಾಡಿ ನೋಡಿ ಎನ್ನುತ್ತೇನೆ: ಸಮಯ ಎಲ್ಲಿ ಹೋಯಿತೆಂದು ನೆನಪಿನಿಂದ ಹೇಳಬೇಡಿ, ಆಗಿಂದಾಗಲೇ ಬರೆದಿಡಿ.

ಅಕ್ಕಿ ಗಿರಣಿಯಲ್ಲಿದ್ದಾಗ ನಾನು ಎಲ್ಲರೆದುರು ‘ಅರ್ಧ ದಿನ ಯಂತ್ರದ ಹತ್ತಿರವೇ ಇರುತ್ತೇನೆ’ ಎನ್ನುತ್ತಿದ್ದೆ. ಹಳೆಯ ಹಾಜರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಒಂದು ವಾರ ಬರೆದೆ. ಇಡೀ ವಾರಕ್ಕೆ ಯಂತ್ರದ ಹತ್ತಿರ ಇದ್ದದ್ದು ಮೂರು ಗಂಟೆಯೂ ಆಗಲಿಲ್ಲ. ಉಳಿದದ್ದು ಫೋನು, ಬರದ ಲಾರಿ, ಮತ್ತು ಮಾಲೀಕರ ಸೋದರಳಿಯನ ರಾಜಕೀಯ ವಿಶ್ಲೇಷಣೆ. ಬರೆಯುವಾಗ ಸುಳ್ಳು ಬರೆಯಲು ಕೈ ತಾನಾಗಿ ಹೋಗುತ್ತದೆ, ಎಚ್ಚರ. ಆ ಸೋದರಳಿಯನ ಕಾಲಮ್ಮಿಗೆ ನಾನು ‘ಸಮಾಲೋಚನೆ’ ಎಂದು ಬರೆದಿದ್ದೆ.

ಕೊನೆಯದಾಗಿ ಸಭೆಗಳ ವಿಚಾರ. ನಮ್ಮ ಸಂಸ್ಥೆಗಳಲ್ಲಿ ಸಭೆ ಎಂದರೆ ಯಜಮಾನರು ಮೊದಲು ಮಾತನಾಡುವುದು, ಉಳಿದವರು ಅದನ್ನೇ ಬೇರೆ ಮಾತಿನಲ್ಲಿ ಹೇಳುವುದು. ಯಜಮಾನರು ‘ಈ ತಿಂಗಳು ಚೆನ್ನಾಗಿದೆ’ ಎಂದ ಮೇಲೆ ಗುಮಾಸ್ತರು ‘ಬಾಕಿ ವಸೂಲಾಗಿಲ್ಲ’ ಎನ್ನಲು ಎಂಟೆದೆ ಬೇಕು. ಆ ಗುಮಾಸ್ತರಿಗೆ ಧೈರ್ಯದ ತರಬೇತಿ ಕೊಡುವುದಕ್ಕಿಂತ ಮಾತಿನ ಸರದಿ ತಿರುವಿಹಾಕುವುದು ಸುಲಭ. ಎಲ್ಲರಿಗಿಂತ ಕಿರಿಯರು ಮೊದಲು, ಯಜಮಾನರು ಕೊನೆಗೆ. ನಾನು ಇದನ್ನು ಜಾರಿಗೆ ತಂದ ಮೊದಲ ಸೋಮವಾರ ತೂಕದ ಹುಡುಗ ಎದ್ದು ನಿಂತು, ನಮ್ಮ ತೂಕದ ಯಂತ್ರ ಚೀಲಕ್ಕೆ ಇನ್ನೂರು ಗ್ರಾಂ ಹೆಚ್ಚು ತೋರಿಸುತ್ತದೆ ಎಂದ. ಎಷ್ಟು ದಿನದಿಂದ ಎಂದೆ. ದೀಪಾವಳಿಯಿಂದ ಎಂದ. ಆಗ ಯುಗಾದಿ ಹತ್ತಿರ ಬಂದಿತ್ತು.

ಈಗ ಪ್ರಶ್ನೆಗಳು. ಹಿಂದಿನ ಸಾಲಿನಿಂದ ಶುರುವಾಗಲಿ. ಮುಂದಿನ ಸಾಲಿನಲ್ಲಿ ಕುಳಿತಿರುವ ಮಾಲೀಕರು, ಅಧ್ಯಕ್ಷರು ದಯವಿಟ್ಟು ಹತ್ತು ನಿಮಿಷ ಮಾತನಾಡಬಾರದು, ಹಿಂತಿರುಗಿಯೂ ನೋಡಬಾರದು.